ಸಗಟು ಆಯುಷ್ಯ

ಬಂದರಿನ ಈ ಮಿಲ್ಲಿನಲ್ಲಿ ಯಾರು ಸೀನಿದರೂ
ಯಾರೂ ಏನೂ ಅನ್ನುವುದಿಲ್ಲ.
ಅನ್ನುತ್ತ ಕೂತರೆ ಮೆಣಸು ಅರೆಯುವವರು ಯಾರು?
ಬೆಳಿಗ್ಗೆ ಶಟರ್ ಎತ್ತುವಾಗಲೇ ದೇಜಕ್ಕ
ದಿನದ ಸೀನಿಗೆಲ್ಲ ಒಮ್ಮೆಲೇ ಹೇಳಿಬಿಡುತ್ತಾಳೆ:
"ನೂರು ವರ್ಷ, ನೂರು ವರ್ಷ, ಎಲ್ಲರಿಗೂ ನೂರು."
ಹೋಲ್‌ಸೇಲ್ ಬೀದಿ ಇದು. ಚಿಲ್ಲರೆ ವ್ಯಾಪಾರ ಇಲ್ಲ.

ಲೆಕ್ಕ ಬರೆಯುವ ನಾನು ಹೊಸಬ, ಕೇಳಿದೆ:
ಈ ಮಾತು ಬಂದದ್ದೆಲ್ಲಿಂದ?

ಜರಡಿ ನಿಲ್ಲಿಸದೆ ದೇಜಕ್ಕ: ಸೀನುವಾಗ ಜೀವ
ಮೂಗಿನ ಹೊಸ್ತಿಲಿಗೆ ಬಂದು ಬಗ್ಗಿ ನೋಡುತ್ತದೆ ಮಾರಾಯ,
ಯಾರಾದರೂ ಒಳಗೆ ಕರೀಬೇಕು.

ಗೋಣಿ ಹೊಲಿಯುವ ಪೊಡಿಯಬ್ಬ ಹಲ್ಲಿನಿಂದ ದಾರ ತೆಗೆದು:
ಮಣ್ಣಿನ ಆದಮನ ಮೂಗಿಗೆ ರೂಹು ಹೊಕ್ಕದ್ದೇ
ಅವ ಮಾಡಿದ ಮೊದಲ ಕೆಲಸ ಸೀನು.
ಎರಡನೆಯದು ಸ್ತುತಿ.
ಮಿಕ್ಕ ಕೆಲಸವೆಲ್ಲ ಆಮೇಲಿನದ್ದು.

ಕಾರ್ಮಿಣ್ ಬಾಯಿಗೆ ಅಷ್ಟು ಹಿಂದೆ ಹೋಗಲು ಪುರುಸೊತ್ತಿಲ್ಲ.
ಅವಳ ಅಜ್ಜಿಯ ಅಜ್ಜಿ ಪ್ಲೇಗಿನ ವರ್ಷ ಕಂಡವಳು.
ಬೆಳಿಗ್ಗೆ ಸೀನಿದವ ಸಂಜೆಗೆ ಸಿಮಿತ್ರಿಯಲ್ಲಿ.
"ಜೆಜು" ಅನ್ನದೆ ಮತ್ತೇನು ಅನ್ನುವುದು, ಮದ್ದು ಇತ್ತಾ?

ಮೂರನ್ನೂ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ.
ಕೂಡಿಸಲಿಲ್ಲ.

ಐತಪ್ಪ ಮಾತ್ರ ಬಾಯಿ ಬಿಡಲಿಲ್ಲ.
ಮೂವತ್ತೊಂದು ವರ್ಷ ಮಿಲ್ಲಿನ ಗಂಟಲಿಗೆ ಮೆಣಸು ಸುರಿದವ;
ಬ್ಯಾಡಗಿಯೂ ಗುಂಟೂರೂ ಅವನ ಮೂಗಿಗೆ ಈಗ ಬರೀ ಬಣ್ಣ.
ಕಡೆಯ ಸಲ ಸೀನಿದ್ದು ಮಗಳ ಮದುವೆಗೆ ಮೊದಲೋ ಆಮೇಲೋ
ಅವನಿಗೇ ನೆನಪಿಲ್ಲ.
ದೇಜಕ್ಕ ನೂರು ಹಂಚುವ ಹೊತ್ತಿಗೆ
ಬೇಕೆಂದೇ ರಸ್ತೆಯಲ್ಲಿ ನಿಂತು ಬೀಡಿ ಹಚ್ಚುತ್ತಾನೆ.
ಮಾಡದ ಕೆಲಸಕ್ಕೆ ಕೂಲಿ ತೆಗೆದುಕೊಳ್ಳಬಾರದಂತೆ.

ಮೊನ್ನೆ ಊಟದ ಹೊತ್ತು, ಗೋದಾಮಿನ ಹಿಂದೆ,
ಧಕ್ಕೆಯ ಕಡೆ ಮುಖ ಮಾಡಿ ಕೂತು
ಪೊಡಿಯಬ್ಬನ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ
ಏರಿಸುತ್ತಿದ್ದ. ನಾನು ಕೈ ತೊಳೆಯಲು ಹೋದವ, ನಿಂತೆ.
ಕಣ್ಣು ಮುಚ್ಚಿದ. ಬಾಯಿ ಅರ್ಧ ತೆರೆದು
ಆಕಾಶಕ್ಕೆ ಮುಖ ಎತ್ತಿ
ಒಂದು ಲಾರಿ ಆ ಓಣಿಯಿಂದ ಹಿಂದಕ್ಕೆ ಹೊರಡುವಷ್ಟು ಹೊತ್ತು
ಕಾದ.

ಬರಲಿಲ್ಲ.

"ನೂರು ವರ್ಷ" ಅಂದುಬಿಟ್ಟೆ.
ತಿರುಗಿ ನೋಡಿದ, ಕದ್ದು ಸಿಕ್ಕಿಬಿದ್ದವನ ಹಾಗೆ.
"ಸೀನು ಬರಲಿಲ್ಲವಲ್ಲ ಧನಿ."
"ಉದ್ರಿ," ಅಂದೆ. "ಬಂದಾಗ ಕೊಡು."

ಒಣ ಮೂಗನ್ನು ಬೈರಾಸಿನಿಂದ ಒರೆಸಿಕೊಂಡು
ಎದ್ದು ಹೋದ. ಎರಡು ಹೆಜ್ಜೆ ಇಟ್ಟು ನಿಂತು,
ಬೆನ್ನು ತಿರುಗಿಸದೆಯೇ ಕೇಳಿದ:
"ಬರಕೊಂಡಿರಾ?"