ಕೊನೆಯ ತಿರುವು ಕೈಯದು

ಕೊಡುವ ಮುಂಚೆ ನೋಡು, ಎಲ್ದಿಯಾರ್,
ಗುಂಡಿ ನಡುವೆ ನಿಂತಿದೆ,
ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.
ಹೀಗೇ ಇಸಕೋ, ಹೀಗೇ ವಾಪಸು ಕೊಡು,
ಮಲಗಿದ ಕಾವಲುನಾಯಿಯನ್ನು
ಮಡಿಲಿಂದ ಮಡಿಲಿಗೆ ದಾಟಿಸುವ ಹಾಗೆ.

ಬ್ಯಾಟರಿಯಾ? ನನ್ನ ಕೋಟಿನೊಳಗಿದೆ.
ನಾರಿನ್‌ನಲ್ಲಿ ಜನವರಿಯೆಂದರೆ
ಉಗುಳಿದ್ದು ನೆಲ ಮುಟ್ಟುವಷ್ಟರಲ್ಲಿ ಕಲ್ಲು.
ರಾತ್ರಿ ಹೊರಗೆ ಬಿಟ್ಟ ಬ್ಯಾಟರಿ
ಎರಡು ನಟ್ಟು ಬಿಚ್ಚಿ ಮೂರನೆಯದಕ್ಕೆ ನರಳುತ್ತದೆ.
ಮರಗಟ್ಟಿದ್ದನ್ನು ಹಾಗೇ ಚಾರ್ಜಿಗೆ ಹಾಕಬೇಡ.
ಒಲೆಯ ಹತ್ತಿರವೂ ಬೇಡ, ಮೈಯ ಹತ್ತಿರ ಇಟ್ಟುಕೋ,
ಆಗಷ್ಟೇ ಹುಟ್ಟಿದ ಕುರಿಮರಿಯನ್ನು
ನಿನ್ನಜ್ಜಿ ಇಟ್ಟುಕೊಳ್ಳುತ್ತಿದ್ದಳಲ್ಲ, ಹಾಗೆ.

ಆ ಹೊಳೆಯುವ ಸಾಕೆಟ್ಟು ಮುಟ್ಟಬೇಡ!
ಮದುವೆಮನೆಯ ಚಮಚದಷ್ಟು ಚೆಂದ, ನಿಜ.
ಈ ಇಂಪ್ಯಾಕ್ಟ್ ರೆಂಚಿನ ಏಟಿಗೆ ಅದು ಗಾಜು.
ಕಪ್ಪನೆಯದು ತಗೋ, ದಪ್ಪಗೋಡೆಯದು, ಗೀರುಬಿದ್ದದ್ದು.
ಪಕ್ಕದಂಗಡಿಯ ಶರ್ಶೆನ್‌ಗೆ ಹುಬ್ಬು ಸೀಳಿದೆ ನೋಡು,
ಕೇಳಿದರೆ ಕುದುರೆ ಒದ್ದಿತು ಅನ್ನುತ್ತಾನೆ.
ಹೌದು, ಕ್ರೋಮು ಬಳಿದ ಕುದುರೆ,
ಹತ್ತೊಂಬತ್ತರ ಸೈಜಿನದು.

ಕನ್ನಡಕ ಹಾಕು.
ಉಸಿರಿಗೆ ಮಂಜಾದರೆ ಒರೆಸು, ಕಳಚಬೇಡ.
ಮಫ್ಲರು ಅಂಗಿಯೊಳಗೆ ತುರುಕು,
ತಿರುಗುವುದಕ್ಕೆ ಉಣ್ಣೆ ಯಾವುದು
ಕೊರಳು ಯಾವುದು ಗೊತ್ತಾಗುವುದಿಲ್ಲ.

ಈಗ ಬೆರಳು.
ಗನ್ನು ಅಲ್ಲ, ಬೆರಳು.
ಮೂರು ಸುತ್ತು ನೀನೇ ಹತ್ತಿಸು.
ಥ್ರೆಡ್ಡು ಸರಿ ಕೂತಿತೋ ಇಲ್ಲವೋ
ಬೆರಳ ತುದಿ ಹೇಳುತ್ತದೆ.
ಗನ್ನು ಓರೆಯದನ್ನೂ ಅಷ್ಟೇ ಹುರುಪಿನಿಂದ ಬಿಗಿಯುತ್ತದೆ,
ಒಲ್ಲದ ಮನೆಗೆ ಹೆಣ್ಣು ಕೊಟ್ಟು
ಡೋಲು ಬಡಿದ ಹಾಗೆ.

ಆಮೇಲೆ ಎದುರುಬದುರು.
ಇದಾದರೆ ಇದರಾಚೆಯದು, ಪಕ್ಕದ್ದಲ್ಲ.
ಕಾಲು ಅಗಲಿಸಿ ನಿಲ್ಲು, ಎರಡೂ ಕೈ ಹಿಡಿ.
ಮೊದಲು ಮೆತ್ತಗೆ ಗುಂಯ್ ಅನ್ನುತ್ತದೆ,
ಆಮೇಲೆ ಟಟಟಟ.
ಆ ಟಟಟ ಹುಟ್ಟಿತೋ, ಬೆರಳು ಎತ್ತು.

ಎತ್ತು ಅಂದೆ!

ಇಲ್ಲಿ ಬಾ.
ಕಿಟಕಿಗೆ ದಾರದಲ್ಲಿ ಕಟ್ಟಿದೆಯಲ್ಲ, ಮುಟ್ಟು.
ತಾಯಿತವಲ್ಲ, ಬೋಲ್ಟು.
ಸೊಂಟ ಹೇಗೆ ಸಣ್ಣಗಾಗಿದೆ,
ಲಗ್ಮಾನಿಗೆ ಎಳೆದ ಹಿಟ್ಟಿನ ಹಾಗೆ.

ಏಳು ಚಳಿಗಾಲದ ಹಿಂದೆ ಗನ್ನು ಹೊಸದು,
ಕುದುರೆಮರಿ ಮಾರಿ ಬಿಷ್ಕೆಕ್ಕಿನಿಂದ ತಂದದ್ದು.
ಹೆಂಗಸು ಬಿಗಿದ ನಟ್ಟು, ಸಡಿಲವಿರುತ್ತೆ ಎಂದು
ಚಹಾ ಕುಡಿಯುತ್ತ ನಕ್ಕಿದ್ದರು ನಾಲ್ವರು.
ನಾನು ಮಾತಾಡಲಿಲ್ಲ.
ಮುಕಂಬೆತ್‌ನ ಈರುಳ್ಳಿ ಲಾರಿಯ ಹಿಂಗಾಲಿಗೆ
ಒಂದೊಂದು ನಟ್ಟಿಗೂ ಹತ್ತೆಣಿಸುವ ತನಕ
ಬೆರಳು ತೆಗೆಯಲಿಲ್ಲ.
ನಾಲ್ವರೂ ಕಿವಿ ಮುಚ್ಚಿಕೊಂಡರು.
ಹಿಗ್ಗಿದೆ.

ದೊಲೋನ್ ಘಟ್ಟ ಇಳಿಯುವಾಗ
ಚಕ್ರ ಅವನಿಗಿಂತ ಮುಂದೆ ಹೋಯಿತಂತೆ.
ಯಾರಪ್ಪಾ ಇವನು, ಲಾರಿಯಿಲ್ಲದೆ ಹೊರಟವನು
ಎಂದುಕೊಂಡನಂತೆ ಒಂದು ಕ್ಷಣ.
ಹಿಮದ ದಿಬ್ಬ ತಡೆಯಿತು, ಉಳಿದ.
ಘಟ್ಟದ ತುಂಬ ಈರುಳ್ಳಿ.

ಮರುದಿನ ಬಂದು
ಇದನ್ನು ನನ್ನ ಪಿಂಗಾಣಿ ಬಟ್ಟಲ ಪಕ್ಕ ಇಟ್ಟ.
ಬೈಯಲಿಲ್ಲ. ಸಕ್ಕರೆ ಬೇಡವೆಂದ.
ಬೈದಿದ್ದರೆ ನಾನು ಇದನ್ನು
ಎಂದೋ ಎಸೆದುಬಿಡುತ್ತಿದ್ದೆ.

ಅದಕ್ಕೇ ಗನ್ನು ಅರ್ಧಕ್ಕೆ ಕೆಳಗಿಡುವುದು.
ಉಳಿದದ್ದು ಈ ಉದ್ದ ಟಾರ್ಕ್ ರೆಂಚಿನದು,
ಪುಸ್ತಕದ ಅಂಕಿಗೆ ತಿರುಗಿಸಿಟ್ಟಿದ್ದೇನೆ.
ಎಳೆ, ನಿಧಾನ, ಭುಜದಿಂದ.
ಟಕ್.
ಸಾಕು. ಇನ್ನೊಂದು ಟಕ್ ಆಸೆ ಬೇಡ.

ಹತ್ತೂ ಆಯಿತಾ? ಜಾಕು ಇಳಿಸು,
ಚಕ್ರದಡಿಯ ಕಲ್ಲು ಮರೆಯಬೇಡ.
ಐವತ್ತು ಕಿಲೋಮೀಟರಿಗೆ ನಿಲ್ಲಿಸಿ
ಮತ್ತೊಮ್ಮೆ ಬಿಗಿದು ನೋಡು ಅಂತ ಅವನಿಗೆ ಹೇಳು.
ನೂರಕ್ಕೆ ತೊಂಬತ್ತು ಜನ ನಿಲ್ಲಿಸುವುದಿಲ್ಲ. ಆದರೂ ಹೇಳು.

ಬರೆದೂ ಬಿಟ್ಟೆಯಾ, ಗಾಜಿನ ಹಿಮದ ಮೇಲೆ, ಬೆರಳಲ್ಲಿ?
ಹೊರಗಿನಿಂದ ಬರೆದಿದ್ದೀಯ, ಪೆದ್ದ,
ಒಳಗಿರುವವನಿಗೆ ತಿರುವುಮುರುವು ಕಾಣುತ್ತದೆ.
ಇರಲಿ ಬಿಡು.
ಏನಿದು ಎಂದು ಇಳಿದು ನೋಡುವುದಕ್ಕಾದರೂ
ಎಲ್ಲೋ ಒಂದು ಕಡೆ ನಿಲ್ಲಿಸಿಯಾನು.

ಬಾ, ಚಹಾ ಆರುತ್ತಿದೆ.
ಕೊಡು ಅದನ್ನಿತ್ತ.
ಗುಂಡಿ?