ಮೂರೇ ಕಾಲು

ಕೊಯ್ಯುವ ಯಂತ್ರದ ಮೇಲೆ ಕೂತಿದ್ದವನು ನಾನು.
ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಆಮೇಲೆ ನಾಲಿಗೆ ಏಳಲಿಕ್ಕಿಲ್ಲ.
ವೇಲ್ಸಿನ ಬೆಟ್ಟದ ಇಳಿಜಾರು, ಜೂನ್ ತಿಂಗಳ ಹುಲ್ಲು,
ನಾಯಿಯ ಕಿವಿ ಮುಚ್ಚುವಷ್ಟು ಎತ್ತರ.
ನಾಳೆ ಮಳೆಯೆಂದಿತ್ತು ರೇಡಿಯೋ. ನನಗೆ ಅವಸರ.
ನೆಲ್‌ಗೆ ಮೊಲದ ವಾಸನೆ.

ಪಕ್ಕದ ಗೆಥಿನ್ ಬೇಲಿ ದಾಟಿ ಬಂದ,
ಟೋಪಿ ತೆಗೆದ, ನೋಡಿದ:
"ಇಡ್ವಾಲ್, ಒಂದು ತೋಟಾ ಸಾಕು. ನನ್ನ ಬಳಿ ಇದೆ."
ಕೆಟ್ಟವನಲ್ಲ ಗೆಥಿನ್. ಕುರಿನಾಯಿಗೆ ಓಟವೇ ಅನ್ನ.
ಓಡಲಾಗದ ನಾಯಿಯನ್ನು ಅವನಪ್ಪ, ನನ್ನಪ್ಪ
ಹೀಗೇ ಮುಗಿಸುತ್ತಿದ್ದರು, ಹಿತ್ತಲಲ್ಲಿ, ಊಟಕ್ಕೆ ಮೊದಲು.
ಮೆರೆರಿಡ್ ಮಾತಾಡಲಿಲ್ಲ. ಮೇಜಿನ ಬಟ್ಟೆ ಎಳೆದು ತಂದು ಸುತ್ತಿ
ಗಾಡಿಯ ಕೀಲಿ ನನ್ನ ಕೈಗಿಟ್ಟಳು.

"ಹಿಂಗಾಲು ಹೋದರೆ ಅಷ್ಟು ಕಷ್ಟವಿಲ್ಲ," ಅಂದಳು ಡಾಕ್ಟರ್ ಹೆಲೆದ್,
"ನಾಯಿಯ ಭಾರವೆಲ್ಲ ಮುಂದೆಯೇ.
ತೊಡೆಯ ಅರ್ಧಕ್ಕೆ ತೆಗೆಯುತ್ತೇನೆ, ಮೋಟು ನೆಲಕ್ಕೆ ತಾಗಬಾರದು.
ಮೆಟ್ಟಿಲು ಬೇಡ, ನೆಗೆತ ಬೇಡ, ಜಾರುವ ನೆಲ ಬೇಡವೇ ಬೇಡ.
ಮೈ ಬೆಳೆಯಲು ಬಿಡಬೇಡಿ. ಹೆಚ್ಚಿನ ಒಂದೊಂದು ತುತ್ತೂ
ಮೂರು ಕಾಲಿನ ಮೇಲಿನ ಸಾಲ."

ನಮ್ಮದು ಸ್ಲೇಟು ಕಲ್ಲಿನ ನೆಲ.
ಅಜ್ಜ ಗಣಿಯಿಂದ ಹೊತ್ತು ತಂದು ಹಾಸಿದ್ದು,
ಅಜ್ಜಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದು.
ಮೊದಲ ಸಲ ಎದ್ದಳು; ಮೂರು ಕಾಲು ಮೂರು ದಿಕ್ಕಿಗೆ.
ಎದೆ ಬಡಿದು ಬಿದ್ದವಳು ನನ್ನತ್ತ ನೋಡಲಿಲ್ಲ.

ಆ ರಾತ್ರಿ ಮೆರೆರಿಡ್ ಕತ್ತರಿ ಹಿಡಿದು ಕೂತಳು:
ಚಾಪೆಲ್ಲಿನವರು ಬಿಸಾಡಿದ್ದ ರತ್ನಗಂಬಳಿ, ಟ್ರ್ಯಾಕ್ಟರಿನ ರಬ್ಬರ್ ಹಾಸು,
ಮದುವೆಗೆ ಅವಳ ಚಿಕ್ಕಮ್ಮ ನೇಯ್ದುಕೊಟ್ಟ ಹೊದಿಕೆ ಕೂಡ.
ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ನೀರಿನ ಬೋಗುಣಿಗೆ
ತುಂಡು ತುಂಡು ದ್ವೀಪಗಳು.
ಕುಂಟಾಬಿಲ್ಲೆಯ ಹುಡುಗಿಯಂತೆ ನೆಲ್
ಮನೆಯಿಂದ ಮನೆಗೆ ಹಾರಿದಳು.

ಹೊಟ್ಟೆಯಡಿ ಟವೆಲು ತೂರಿಸಿ ಎತ್ತಿ ಹಿಡಿದು
ಅವಳ ಹಿಂದೆ ಬಗ್ಗಿ ನಡೆದವನು ನಾನು, ಬೆಳಿಗ್ಗೆ, ಸಂಜೆ.
ಒಂದು ದಿನ ಅಂಗಳದ ಅರ್ಧದಲ್ಲಿ ಗೊತ್ತಾಯಿತು,
ಎಷ್ಟೋ ಹೊತ್ತಿನಿಂದ
ಬರೀ ಬಟ್ಟೆ ಹಿಡಿದು ನಡೆಯುತ್ತಿದ್ದೇನೆ.

ನಾಯಿ ಬಾಲ ಡೊಂಕು ಅನ್ನುತ್ತಾರಲ್ಲ, ಬಂದು ನೋಡಲಿ.
ಹಗ್ಗದ ಮೇಲೆ ನಡೆಯುವವರ ಕೋಲಿನಂತೆ ನೆಟ್ಟಗೆ!
ತಿರುವು ಬಂದರೆ ಒಮ್ಮೆ ಅತ್ತ, ಒಮ್ಮೆ ಇತ್ತ.

ಆಗಸ್ಟಿನಲ್ಲಿ ಕೆರೆಗೆ ಇಳಿಸಿದೆವು.
ನೀರಿಗೆ ಕಾಲಿನ ಲೆಕ್ಕ ಗೊತ್ತಿಲ್ಲ.
ಅಕ್ಟೋಬರಿನಲ್ಲಿ ಐದೇ ಐದು ಕುರಿ, ಚಿಕ್ಕ ಆವರಣ.
ಬಲಕ್ಕೆಂದು ಸಿಳ್ಳೆ ಹಾಕಿದರೆ ಅಗಲವಾಗಿ ಸುತ್ತಿ ಬರುತ್ತಾಳೆ,
ಎಡಕ್ಕೆಂದರೆ ಒಂದು ಗಳಿಗೆ ಯೋಚಿಸುತ್ತಾಳೆ.
ಓಟ ಸಾಲದ ಕಡೆ ಕಣ್ಣು ನೆಡುತ್ತಾಳೆ,
ಕುರಿಗಳಿಗೆ ಅಷ್ಟು ಸಾಕು.

ಗೆಥಿನ್ ಬೇಲಿಗೆ ಒರಗಿ ನೋಡಿದ. ಪೈಪು ಆರಿತ್ತು.
"ಹಟಮಾರಿ ಕಣೋ ನೀನು," ಅಂದ,
"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು."
ಹೌದು ಗೆಥಿನ್, ಎಣಿಸಿ ನೋಡು.
ಮೊಲದ್ದು ನಾಲ್ಕು.
ಹಿಡಿಯಲು ಹೋದವಳದು ಮೂರು.

ಆ ಇಳಿಜಾರಿಗೆ ನಾನಿನ್ನೂ ಕಾಲಿಟ್ಟಿಲ್ಲ.
ಈ ವರ್ಷದ ಹುಲ್ಲನ್ನು ಬಾಡಿಗೆಯವರು ಕೊಯ್ದರು,
ನಾನು ಅವಳನ್ನು ಒಳಗೆ ಕೂಡಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ.
ಮಾರನೆಯ ದಿನವೇ ಹೋದಳು. ಈಗಲೂ ದಿನಾ ಹೋಗುತ್ತಾಳೆ,
ಅದೇ ಪೊದೆ, ಅದೇ ವಾಸನೆ.

ರಾತ್ರಿ, ಒಲೆಯ ಮುಂದೆ, ಅವಳ ಎಡಗಿವಿ ನವೆಯಾಗುತ್ತದೆ.
ಮೋಟು ತೊಡೆ ಎದ್ದು ಗಾಳಿಯಲ್ಲಿ ಪಟಪಟ ಬಡಿಯುತ್ತದೆ.
ಇಲ್ಲದ ಪಾದ, ಇಲ್ಲದ ಉಗುರು
ಕಿವಿಯ ತನಕ ಬಂದೇಬಿಟ್ಟಿತೆಂದು
ಕಣ್ಣು ಮುಚ್ಚಿ ಕಾಯುತ್ತಾಳೆ.
ಕುರ್ಚಿಯಿಂದ ಇಳಿದು ನೆಲಕ್ಕೆ ಕೂತು
ತೊಡೆ ಬಡಿಯುವ ಲಯಕ್ಕೇ ಕೆರೆಯುತ್ತೇನೆ ನಾನು.
ಅಲ್ಲಲ್ಲ, ಇನ್ನೂ ಸ್ವಲ್ಪ ಹಿಂದೆ, ಎಂದು
ತಲೆ ಓರೆ ಮಾಡಿ ತೋರಿಸಿಕೊಡುತ್ತಾಳೆ.