ಮೊದಲೆರಡು ದಿನ

ಮಾಚೇನಹಳ್ಳಿ ಗಾರ್ಮೆಂಟ್ಸಿನ ಟೈಮ್ ಆಫೀಸು.
ಕಿಟಕಿಯೊಳಗೆ ಚೀಟಿ ತೂರಿಸಿದಳು
ಕಾಲರ್ ಲೈನಿನ ಕರಿಬಸಮ್ಮ.
ಒಂಬತ್ತು ದಿನದ ಜ್ವರ, ಇಎಸ್‌ಐ ಡಾಕ್ಟರ ಸಹಿ,
ಮೂಲೆಯಲ್ಲಿ ಕಷಾಯದ ಕಲೆ.

ಲೆಕ್ಕ ಹೇಳಿದೆ: ನೂರಕ್ಕೆ ಎಪ್ಪತ್ತು.
ಮೊದಲೆರಡು ದಿನಕ್ಕೆ ಏನೂ ಇಲ್ಲ.

‘ಆ ಎರಡು ದಿನಾನೇ ಸಾರ್
ಮೈ ಕೆಂಡ ಆಗಿದ್ದು,
ಮಗಳು ಶಾಲೆ ಬಿಟ್ಟು ಹಣೆಗೆ ಒದ್ದೆಬಟ್ಟೆ ಹಾಕಿದ್ದು.
ಆಮೇಲಿಂದು ಬರೀ ಸುಸ್ತು.
ಸುಸ್ತಿಗೆ ದುಡ್ಡು ಕೊಡ್ತೀರಾ?’

ನಿಯಮ ಹಾಗಿದೆ, ಅಂದೆ.
ಬಾಯೆಲ್ಲ ಕಹಿ.

‘ಹೋಗ್ಲಿ ಬಿಡಿ,
ಮುಂದಿನ ಸಲ ಜ್ವರಕ್ಕೇ ಹೇಳ್ತೀನಿ,
ಮೂರನೇ ದಿನದಿಂದ ಶುರು ಮಾಡು ಅಂತ.’

ಅವಳ ಹಿಂದೆ ಸಾಲಲ್ಲಿ ಯಾರೋ ಕೆಮ್ಮಿದರು.
ಮೇಜಿನಡಿ, ಸದ್ದಾಗದಂತೆ,
ಹಾಳೆಯಿಂದ ಒಂದು ಮಾತ್ರೆ ಬಿಡಿಸಿಕೊಂಡೆ.

ನನಗಿವತ್ತು ಮೊದಲನೇ ದಿನ.